ಮೊಂತಿ ಎಂದರೆ ಗುಡ್ಡ

ಆಗಸ್ಟ್ ಕೊನೆಯ ವಾರದಲ್ಲಿ ಮಂಗಳೂರಿನ ಇಗರ್ಜಿಗಳ (ಚರ್ಚುಗಳ) ಗೇಟಿನಲ್ಲಿ ಬ್ಯಾನರುಗಳು ಕಾಣಿಸಿಕೊಳ್ಳುತ್ತವೆ. ಒಂದರಲ್ಲಿ 'ಮೊಂತಿ ಫೆಸ್ತ್' ಎಂದಿದ್ದರೆ ಅರ್ಧ ಮೈಲಿ ಆಚೆಗಿನದರಲ್ಲಿ 'ಮೊಂತಿ ಫೆಸ್ಟ್' ಎಂದಿರುತ್ತದೆ. ಮರುದಿನದ ಪೇಪರಿನಲ್ಲಿ ಅದೇ ಹಬ್ಬ 'ತೆನೆ ಹಬ್ಬ' ಆಗಿರುತ್ತದೆ. ಕರಾವಳಿಯ ಕೊಂಕಣಿ ಕಥೋಲಿಕರು ಸೆಪ್ಟೆಂಬರ್ 8ಕ್ಕೆ ಮರಿಯಮ್ಮನವರ ಹುಟ್ಟುಹಬ್ಬವನ್ನೂ ಭತ್ತದ ಹೊಸ ಕದಿರನ್ನೂ (ತೆನೆಯನ್ನೂ) ಒಟ್ಟಿಗೆ ಆಚರಿಸುವ ಹಬ್ಬ ಇದು. ಯಾರೂ ತಿದ್ದುವುದಿಲ್ಲ, ತಿದ್ದದಿದ್ದರೆ ಹಬ್ಬ ನಿಲ್ಲುವುದೂ ಇಲ್ಲ. ಆದರೆ ಈ ಹೆಸರು ಎಲ್ಲಿಂದ ಬಂತು ಎಂದು ಕೇಳುವವರಿಗೆ ಆ 'ಸ್ತ', 'ಸ್ಟ'ಗಳ ವ್ಯತ್ಯಾಸವೇ ಮೊದಲ ಸುಳಿವು.

ಇಂಗ್ಲಿಷಿನಿಂದ ಬಂದ ಪದಗಳನ್ನು ಕನ್ನಡದ ಕಿವಿ 'ಟ' ಎಂದೇ ಕೇಳಿಸಿಕೊಳ್ಳುತ್ತದೆ. ಟಿಕೆಟ್, ಟೇಬಲ್, ಮೌಂಟ್ ಕಾರ್ಮೆಲ್ ಎಲ್ಲವೂ ಹಾಗೆ ಬಂದವು. ಪೋರ್ಚುಗೀಸರ ನಾಲಿಗೆ ಹಲ್ಲಿನ ಹಿಂಬದಿಗೆ ತಾಗುತ್ತದೆ, ಅದು ನಮಗೆ 'ತ' ಎಂದು ಕೇಳುತ್ತದೆ. 'ಫೆಸ್ತಾ' ಎಂಬ ಪೋರ್ಚುಗೀಸ್ ಪದ ಕೊಂಕಣಿಯಲ್ಲಿ ಕೊನೆಯ ಸ್ವರ ಕಳಚಿಕೊಂಡು 'ಫೆಸ್ತ್' ಆಯಿತು. 'ಫೆಸ್ಟ್' ಎಂದು ಬರೆದರೆ ಅರ್ಧ ಹೆಸರು ಪೋರ್ಚುಗಲ್ಲಿನದು, ಉಳಿದರ್ಧ ಕಾಲೇಜು ಫೆಸ್ಟಿನದು. ಈ ನಿಯಮಕ್ಕೆ ಅಪವಾದಗಳಿಲ್ಲ ಎಂದಲ್ಲ; ಬಟಾಟೆಯೂ ಪೋರ್ಚುಗೀಸರ ಜೊತೆಗೇ ಬಂತು, ಎರಡೆರಡು 'ಟ' ಹೊತ್ತುಕೊಂಡು. ಆದರೂ ಇಗರ್ಜಿಯ ಒಳಗಿನ ಪದಗಳ ಮಟ್ಟಿಗೆ 'ತ' ನಂಬಬಹುದಾದ ಗುರುತು.

ಇನ್ನು 'ಮೊಂತಿ'. ಕನ್ನಡದ ಕಿವಿಗೆ ಮೊಂಬತ್ತಿ ನೆನಪಾದರೆ ತಪ್ಪೇನಿಲ್ಲ, ಆದರೆ ನಂಟು ಯಾವುದೂ ಇಲ್ಲ. ಪೋರ್ಚುಗೀಸಿನಲ್ಲಿ 'ಮೊಂತೆ' ಎಂದರೆ ಬೆಟ್ಟ, ಗುಡ್ಡ. ಲ್ಯಾಟಿನ್ನಿನ 'ಮೊನ್ಸ್, ಮೊಂತಿಸ್' ಅದರ ಮೂಲ. ಪದದ ಕೊನೆಯ ಒತ್ತಿಲ್ಲದ 'ಎ' ನಮ್ಮ ಕಡೆಗೆ ಬರುವಾಗ 'ಇ' ಆಗುವುದು ಒಂಟಿ ಪ್ರಸಂಗವಲ್ಲ. 'ಪಾದ್ರೆ' ಇಲ್ಲಿ ಪಾದ್ರಿಯಾದ, 'ಶಾವೆ' ಚಾವಿಯಾಯಿತು, 'ಮೆಸ್ತ್ರೆ' ಗಾರೆ ಕೆಲಸದ ಮೇಸ್ತ್ರಿಯಾದ. ಮೊಂತೆ ಮೊಂತಿಯಾದದ್ದು ಇದೇ ದಾರಿಯಲ್ಲಿ. ಕರಾವಳಿಯಲ್ಲಿ ಮನೆತನದ ಹೆಸರಾಗಿ ಕೇಳುವ 'ಮೊಂತೇರೊ' ಕೂಡ ಇದೇ ಬೇರಿನದು. ಅದರ ಅರ್ಥ ಬೇಟೆಗಾರ, ಅಂದರೆ ಗುಡ್ಡಕಾಡು ತಿರುಗುವವನು. ಹಬ್ಬಕ್ಕೂ ಆ ಮನೆತನಕ್ಕೂ ಬೇರೆ ಸಂಬಂಧ ಕಟ್ಟಬೇಕಾಗಿಲ್ಲ.

ಹಾಗಾದರೆ ಮೊಂತಿ ಫೆಸ್ತ್ ಎಂದರೆ ಬರೀ 'ಗುಡ್ಡದ ಹಬ್ಬ'. ಆಚರಿಸುವುದು ಕನ್ಯಾ ಮರಿಯಮ್ಮನವರ ಹುಟ್ಟುಹಬ್ಬ, ಉಣ್ಣುವುದು ಹೊಸ ಅಕ್ಕಿ, ಹೆಸರಿನಲ್ಲಿ ಮಾತ್ರ ಮರಿಯಮ್ಮನೂ ಇಲ್ಲ, ಹುಟ್ಟೂ ಇಲ್ಲ, ಅಕ್ಕಿಯೂ ಇಲ್ಲ. ಕೊಂಕಣಿಯಲ್ಲಿ ಗುಡ್ಡಕ್ಕೆ 'ದೊಂಗೊರ್' ಎಂಬ ಸ್ವಂತ ಪದವಿದೆ. ಆದರೂ ಯಾರೂ 'ದೊಂಗ್ರಾಚೆಂ ಫೆಸ್ತ್' ಎನ್ನಲಿಲ್ಲ. ಅಂದಮೇಲೆ ಇಲ್ಲಿರುವುದು ಗುಡ್ಡ ಎಂಬ ಸಾಮಾನ್ಯ ಪದವಲ್ಲ, ಯಾವುದೋ ಒಂದು ನಿರ್ದಿಷ್ಟ ಗುಡ್ಡದ ಹೆಸರು.

ಯಾವ ಗುಡ್ಡ? ಹಳೆ ಗೋವೆಯಲ್ಲಿ ಒಂದು ದಿಬ್ಬದ ನೆತ್ತಿಯ ಮೇಲೆ 'ನೊಸ್ಸಾ ಸೆನ್ಯೋರಾ ದು ಮೊಂತೆ' ಎಂಬ ಪ್ರಾರ್ಥನಾಲಯವಿದೆ, ಅಂದರೆ ಗುಡ್ಡದ ಮಾತೆಯ ಗುಡಿ. ಗೋವೆಯನ್ನು 1510ರಲ್ಲಿ ಹಿಡಿದ ಅಫೊನ್ಸೊ ದ ಅಲ್ಬುಕೆರ್ಕನ ಕಾಲಕ್ಕೆ ಅದರ ಮೂಲ ಕಟ್ಟಡ ಸೇರುತ್ತದೆ. ಈಗ ಅದರ ಅಂಗಳದಲ್ಲಿ ಸಂಗೀತ ಕಛೇರಿ ನಡೆಯುತ್ತದೆ. ಎರಡನೆಯ ಗುಡ್ಡ ನಮ್ಮ ಮಗ್ಗುಲಲ್ಲೇ ಇದೆ. ಮಂಗಳೂರಿನಿಂದ ಬಿ.ಸಿ. ರೋಡಿಗೆ ಹೋಗುವಾಗ ನೇತ್ರಾವತಿಯ ದಂಡೆಯಲ್ಲಿ ಸಿಗುವ ಫರಂಗಿಪೇಟೆ. ಫರಂಗಿಗಳ ಪೇಟೆ ಎಂಬ ಆ ಹೆಸರೇ ಪೋರ್ಚುಗೀಸರನ್ನು ಹೇಳುತ್ತದೆ. ಅಲ್ಲಿನ ಫ್ರಾನ್ಸಿಸ್ಕನ್ ಸನ್ಯಾಸಿಗಳ ನೆಲೆಯ ಹೆಸರು 'ಮೊಂತೆ ಮರಿಯಾನೊ', ಮರಿಯಮ್ಮನ ಗುಡ್ಡ. ಆ ನೆಲೆಯಲ್ಲಿದ್ದ ಗೋವೆಯ ಪಾದ್ರಿ ಜೋಕಿಂ ಮಿರಾಂದ 1763ರಲ್ಲಿ ಈ ಹಬ್ಬವನ್ನು ಈಗಿನ ರೂಪದಲ್ಲಿ ಶುರುಮಾಡಿದರು ಎಂಬುದು ಸಮುದಾಯದಲ್ಲಿ ನಡೆದು ಬಂದ ಮಾತು. ಮರಿಯಮ್ಮನವರ ತಂದೆಯ ಹೆಸರೂ ಜೋಕಿಂ ಎಂಬುದು ಕಾಕತಾಳೀಯ. ಕೊಂಕಣಿ ಕ್ರೈಸ್ತರಲ್ಲಿ ಆ ಹೆಸರಿಗೇನೂ ಬರವಿಲ್ಲ.

ಗೋವೆಯ ಗುಡ್ಡವೋ ಫರಂಗಿಪೇಟೆಯ ಗುಡ್ಡವೋ ಎಂದು ಪಟ್ಟು ಹಿಡಿಯುವವರಿದ್ದಾರೆ. ಹೆಸರಿನ ಮಟ್ಟಿಗೆ ಆ ಜಗಳಕ್ಕೆ ಹುರುಳಿಲ್ಲ, ಎರಡೂ ಕಡೆ ಪದ ಒಂದೇ. ಅದಕ್ಕಿಂತ ಯೋಚಿಸಬೇಕಾದದ್ದು ಬೇರೊಂದಿದೆ. 'ಗುಡ್ಡದ ಮಾತೆ' ಎಂಬ ಬಿರುದಿಗೂ ಸೆಪ್ಟೆಂಬರ್ 8ಕ್ಕೂ ಹುಟ್ಟಿನಿಂದ ಬಂದ ಸಂಬಂಧವಿಲ್ಲ. ಪೋರ್ಚುಗೀಸರದ್ದೇ ಆದ ಮದೈರಾ ದ್ವೀಪದ ಫುಂಚಾಲಿನಲ್ಲಿ ಇದೇ ಹೆಸರಿನ ಮಾತೆಯ ಹಬ್ಬ ಬೀಳುವುದು ಆಗಸ್ಟ್ 15ಕ್ಕೆ. ಅದೇ ಮುಂಬಯಿಯ ಬಾಂದ್ರಾದಲ್ಲಿ 'ಮೋತ್ ಮಾವ್ಲಿ' ಎಂದು ಮೀನುಗಾರರು ಕರೆಯುವ ಮೌಂಟ್ ಮೇರಿಯ ಜಾತ್ರೆ ಸೆಪ್ಟೆಂಬರ್ 8ರ ನಂತರದ ಭಾನುವಾರ ಆರಂಭವಾಗುತ್ತದೆ. ಗುಡ್ಡವನ್ನೂ ಹುಟ್ಟುಹಬ್ಬವನ್ನೂ ಒಂದೇ ದಾರದಲ್ಲಿ ಪೋಣಿಸಿದ್ದು ಭಾರತದ ಪಡುವಣ ಕರಾವಳಿ. ಅದರಲ್ಲೂ ಗುಡ್ಡವೇ ಹಬ್ಬದ ಹೆಸರಾಗಿ ನಿಂತು, ಹುಟ್ಟುಹಬ್ಬ ಅದರ ಹಿಂದೆ ಸರಿದದ್ದು ಮಂಗಳೂರು-ಉಡುಪಿಯ ಕಡೆ.

ತಾರೀಖಿನ ಕಥೆ ಇನ್ನೂ ದೂರದ್ದು. ಸಂತರನ್ನು ಅವರು ತೀರಿಕೊಂಡ ದಿನ ನೆನೆಯುವುದು ಕಥೋಲಿಕ ಸಭೆಯ ವಾಡಿಕೆ. ಸಾವೇ ಅವರಿಗೆ ಪರಲೋಕದ ಹುಟ್ಟು ಎಂಬ ಲೆಕ್ಕ. ಈ ಲೋಕದ ಹುಟ್ಟುಹಬ್ಬ ಪಂಚಾಂಗದಲ್ಲಿ ಇರುವುದು ಮೂವರಿಗೆ ಮಾತ್ರ. ಡಿಸೆಂಬರ್ 25 ಯೇಸುವಿಗೆ, ಜೂನ್ 24 ಸ್ನಾನಿಕ ಯೊವಾನ್ನರಿಗೆ, ಸೆಪ್ಟೆಂಬರ್ 8 ಮರಿಯಮ್ಮನವರಿಗೆ. ಬೈಬಲಿನಲ್ಲಿ ಮರಿಯಮ್ಮನವರ ಹುಟ್ಟಿನ ವಿವರ ಇಲ್ಲವೇ ಇಲ್ಲ. ಜೋಕಿಂ, ಅನ್ನಮ್ಮ ಎಂಬ ತಂದೆತಾಯಿಯ ಹೆಸರೂ, ಬಹುಕಾಲ ಮಕ್ಕಳಿಲ್ಲದೆ ಕೊರಗಿದ ಕಥೆಯೂ ಬರುವುದು ಎರಡನೆಯ ಶತಮಾನದ 'ಯಾಕೋಬನ ಆದಿ ಸುವಾರ್ತೆ'ಯಿಂದ. ಅದು ಬೈಬಲಿನ ಹೊರಗುಳಿದ ಪುಸ್ತಕ. ಜೆರುಸಲೇಮಿನ ಬೆತ್ಸಥಾ ಕೊಳದ ಬಳಿ, ಅವರು ಹುಟ್ಟಿದ ಜಾಗವೆಂದು ನಂಬಿದ್ದಲ್ಲಿ ಎದ್ದ ದೇವಾಲಯದೊಂದಿಗೆ ಈ ಹಬ್ಬದ ಬೇರು ಹೆಣೆದುಕೊಂಡಿದೆ. ಆರನೆಯ ಶತಮಾನದ ಹೊತ್ತಿಗೆ ಪೂರ್ವದ ಸಭೆಗಳಲ್ಲಿ ಅದು ನೆಲೆಯಾಗಿತ್ತು. ರೋಮಿಗೆ ಬಂದಮೇಲೆ ಅದಕ್ಕೊಂದು ಮೆರವಣಿಗೆ ಗೊತ್ತುಮಾಡಿದವರು ಸಿರಿಯಾ ಮೂಲದ ಪೋಪ್ ಮೊದಲನೆಯ ಸೆರ್ಜಿಯುಸ್, 687ರಿಂದ 701ರವರೆಗೆ ಪೀಠದಲ್ಲಿದ್ದವರು. ಬೈಜಾಂಟಿಯಮ್ಮಿನ ಧಾರ್ಮಿಕ ವರ್ಷ ಸೆಪ್ಟೆಂಬರ್ 1ಕ್ಕೆ ತೆರೆಯುತ್ತದೆ; ವರ್ಷದ ಮೊದಲ ದೊಡ್ಡ ಹಬ್ಬವಾಗಿ ಇದು ಅಲ್ಲಿ ಕೂತಿದೆ. ಮರಿಯಮ್ಮ ತಾಯಿಯ ಗರ್ಭದಲ್ಲಿ ಮೂಡಿದ್ದನ್ನು ನೆನೆಯುವ, ಡಿಸೆಂಬರ್ 8ರ ಅಮಲೋದ್ಭವ ಮಾತೆಯ ಹಬ್ಬವನ್ನು ಇದರಿಂದ ಒಂಬತ್ತು ತಿಂಗಳು ಹಿಂದಕ್ಕೆ ಎಣಿಸಿಯೇ ಇಟ್ಟದ್ದು. ಮೊದಲು ಹುಟ್ಟು ನಿಶ್ಚಯವಾಯಿತು, ಗರ್ಭ ಆಮೇಲೆ.

ಇಷ್ಟರಲ್ಲಿ ಎಲ್ಲಿಯೂ ಭತ್ತದ ಸುಳಿವಿಲ್ಲ. ಜೆರುಸಲೇಮಿನಿಂದ ತಾರೀಖು ಬಂತು, ಪೋರ್ಚುಗೀಸರಿಂದ ಹೆಸರು ಬಂತು, ಭತ್ತ ಈ ನೆಲದ್ದು. ಗೋವೆಯಿಂದ ದಕ್ಷಿಣಕ್ಕೆ ಬಂದ ಕುಟುಂಬಗಳಿಗೆ ಹೊಸ ಬೆಳೆಯ ಮೊದಲ ಕದಿರನ್ನು ಮನೆಗೆ ತರುವ ಪದ್ಧತಿ ಹೊಸದೇನಾಗಿರಲಿಲ್ಲ, ತುಳುನಾಡಿನಲ್ಲಂತೂ ಅದು ಮನೆಮನೆಯದು. ಮಾವು, ಹಲಸು, ಬಿದಿರಿನ ಎಲೆಗಳ ಜೊತೆ ಕದಿರನ್ನು ನಾರಿನಿಂದ ಕಟ್ಟಿ 'ಪೊಲಿ ಪೊಲಿ' ಎನ್ನುತ್ತ ಮನೆ ತುಂಬಿಸುವುದು, ಆಮೇಲೆ ಹೊಸ ಅಕ್ಕಿ ಊಟ. ತುಳುವಿನಲ್ಲಿ ಅದು ಪುದ್ವಾರ್, ಕುಂದಾಪುರದ ಕಡೆ ಹೊಸ್ತು. ಕೊಂಕಣಿ ಕ್ರೈಸ್ತರಿಗೆ 'ನವೆಂ', ಎಂದರೆ ಹೊಸತು. ಮೂರೂ ಹೆಸರಿನ ಅರ್ಥ ಒಂದೇ. ಹಬ್ಬದ ಹೆಸರು ಪೋರ್ಚುಗೀಸ್ ಆಗಿ ಉಳಿದರೂ ಊಟದ ಹೆಸರಿಗೆ ಪರದೇಶದ ಪದ ಹತ್ತಲಿಲ್ಲ ಎಂಬುದನ್ನು ಗಮನಿಸಬೇಕು. ಹೆಸರಿಡುವ ಅಧಿಕಾರ ಇಗರ್ಜಿಯಲ್ಲಿ ಪಾದ್ರಿಗಳ ಕೈಯಲ್ಲಿತ್ತು, ಅಡುಗೆಮನೆಯಲ್ಲಿ ಇರಲಿಲ್ಲ.

'ತೆನೆ ಹಬ್ಬ' ಎಂಬ ಕನ್ನಡ ಹೆಸರು ಹಿಡಿದದ್ದು ಭತ್ತದ ಈ ಭಾಗವನ್ನು. ತುಳುವಿನಲ್ಲಿ 'ಕುರಲ್ ಪರ್ಬ' ಎನ್ನುವಾಗಲೂ ಅದೇ. ಗೋವೆಯಲ್ಲಿ ಮಾತ್ರ ಇವೆರಡೂ ಬೇರೆ ಬೇರೆ ದಿನ ಬೀಳುತ್ತವೆ. ಅಲ್ಲಿನ 'ಕೊಣ್ಸಾಚೆಂ ಫೆಸ್ತ್', ಅಂದರೆ ಕದಿರಿನ ಹಬ್ಬ, ರಾಯಾ ಊರಿನಲ್ಲಿ ಆಗಸ್ಟ್ 5ಕ್ಕೆ ಹಿಮಮಾತೆಯ ಹೆಸರಿನಲ್ಲಿ, ತಾಳೆಗಾಂವಿನಲ್ಲಿ ಆಗಸ್ಟ್ 21ಕ್ಕೆ ನಡೆಯುತ್ತದೆ. ಕದಿರು ಯಾವ ಸಂತರ ಹಬ್ಬಕ್ಕಾದರೂ ಜೋತು ಬೀಳಬಲ್ಲದು. ನಮ್ಮಲ್ಲಿ ಅದು ಮರಿಯಮ್ಮನವರ ಹುಟ್ಟುಹಬ್ಬಕ್ಕೆ ಜೋತುಬಿತ್ತು. ಹಾಗಾಗಿ ಸೆಪ್ಟೆಂಬರ್ 8 ಬದಲಾಗುವುದಿಲ್ಲ, ಗದ್ದೆಯೇ ಅದಕ್ಕೆ ತಕ್ಕಂತೆ ನಡೆಯಬೇಕು.

ಗದ್ದೆ ಹಾಗೆ ನಡೆಯುವುದಿಲ್ಲ ಎಂಬುದೇ ಪ್ರತಿ ವರ್ಷದ ತಲೆನೋವು. ಏಣೆಲು, ಅಂದರೆ ಮಳೆಗಾಲದ ಮೊದಲ ಭತ್ತದ ಬೆಳೆಯ ಲೆಕ್ಕ ಹಾಕಿ ನೋಡಿ. ಕರಾವಳಿಯಲ್ಲಿ ಹೆಚ್ಚು ಬೆಳೆಯುವ ಎಂಒ4 ತಳಿ ಬಿತ್ತಿದಲ್ಲಿಂದ ಕೊಯ್ಲಿಗೆ ಸುಮಾರು 125 ದಿನ ಕೇಳುತ್ತದೆ. ಹೂ ಬಿಟ್ಟ ಮೇಲೆ ಕಾಳು ಬಲಿಯಲು ಕೊನೆಯ 30 ದಿನ ಬೇಕು. ಅಂದರೆ ಹೊಡೆ (ಎಲೆಯೊಳಗಿನ ಎಳೆ ಕದಿರು) ಬಿಚ್ಚಿ ಹೂವಾಗುವುದು 95ನೆಯ ದಿನದ ಹೊತ್ತಿಗೆ. ಜೂನ್ 1ಕ್ಕೆ ಮಡಿಯಲ್ಲಿ ಬೀಜ ಹಾಕಿದ್ದರೆ ಆ ದಿನ ಬರುವುದು ಸೆಪ್ಟೆಂಬರ್ 4ರ ಆಸುಪಾಸು. ಹಬ್ಬದ ದಿನ ಕೈಗೆ ಸಿಗುವುದು ನೋಡಲು ಚಂದದ ಹಸಿರು ಕದಿರು, ಒಳಗೆ ಹಾಲೂ ಕಟ್ಟಿರುವುದಿಲ್ಲ. ಆಶೀರ್ವಾದಕ್ಕೆ ಅದು ಸಾಕು, ಪಾಯಸಕ್ಕೆ ಹಾಕಲು ಅಕ್ಕಿ ಎಲ್ಲಿದೆ?

ಕಾಳಿರುವ ಕದಿರು ಬೇಕಿದ್ದರೆ ಹೂವಾಗಿ ಕನಿಷ್ಠ ಮೂರು ವಾರ ಕಳೆದಿರಬೇಕು. ಎಂಒ4ನ್ನೇ ನೆಚ್ಚಿಕೊಂಡರೆ ಮೇ 10ರಿಂದ 15ರೊಳಗೆ ನೇಜಿಗೆ (ನಾಟಿಯ ಸಸಿಗೆ) ಬಿತ್ತಬೇಕು, ಮಳೆ ಹಿಡಿಯುವ ಮುಂಚೆ, ಬಾವಿಯ ನೀರಿನಲ್ಲಿ. ಅದು ಆಗದಿದ್ದರೆ 100-105 ದಿನದ ಅಲ್ಪಾವಧಿ ತಳಿ ಹಿಡಿದು ಜೂನ್ ಮೊದಲ ವಾರ ಬಿತ್ತಬಹುದು. ಆಗಸ್ಟ್ ನಡುವಿಗೆ ಹೂವಾಗುತ್ತದೆ. ಎರಡರಲ್ಲೂ ಒಂದು ಅಪಾಯವಿದೆ. ಸುತ್ತಲಿನ ಗದ್ದೆಗಳಿಗಿಂತ ಮುಂಚೆ ಹಾಲು ಕಟ್ಟುವ ತುಂಡು ಗದ್ದೆಗೆ ಊರಿನ ಭತ್ತದ ತಿಗಣೆಯೆಲ್ಲ ಬಂದು ಮುತ್ತುತ್ತದೆ. ಅದು ಹಾಲು ಹೀರಿದ ಕಾಳು ಜೊಳ್ಳಾಗುತ್ತದೆ, ಹೊಟ್ಟಿನ ಮೇಲೆ ಕಂದು ಚುಕ್ಕೆ ಕಾಣುತ್ತದೆ. ಉಳಿದದ್ದಕ್ಕೆ ಗಿಳಿ, ರಾಟವಾಳ ಹಕ್ಕಿ. ಹೊಡೆ ಬಿಚ್ಚುವ ಮೊದಲೇ ಬಲೆ ಹಾಕಿದವರಿಗೆ ಮಾತ್ರ ಹಬ್ಬಕ್ಕೆ ಕದಿರು. ಇನ್ನೊಂದು ಹೊಡೆತ ಮಳೆಯದು. ಭತ್ತದ ಹೂ ಬಿರಿಯುವುದು ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ಸುಮಾರಿಗೆ. ಆ ಹೊತ್ತಿಗೇ ಆಗಸ್ಟಿನ ಜಡಿಮಳೆ ನಾಲ್ಕು ದಿನ ಬಿಡದೆ ಹೊಡೆದರೆ ಪರಾಗ ತೊಳೆದು ಹೋಗಿ ಅರ್ಧ ಕದಿರು ಜೊಳ್ಳು. ಇದಕ್ಕೆ ಮದ್ದಿಲ್ಲ, ಒಂದು ವಾರದ ಅಂತರದಲ್ಲಿ ಎರಡು ಸಲ ಬಿತ್ತಿ ಇಟ್ಟುಕೊಳ್ಳುವುದೊಂದೇ ದಾರಿ.

ಎಷ್ಟು ಗದ್ದೆ ಬೇಕು ಎಂಬ ಪ್ರಶ್ನೆಗೆ ಉತ್ತರ ಅಂದುಕೊಂಡದ್ದಕ್ಕಿಂತ ಸಣ್ಣದು. ಇಗರ್ಜಿಯಲ್ಲಿ ಮನೆಯ ಪ್ರತಿಯೊಬ್ಬರಿಗೂ ಒಂದೊಂದು ಕದಿರು ಎಂಬ ಲೆಕ್ಕ. 400 ಮನೆ, ಮನೆಗೆ ಐದು ಜನ ಎಂದುಕೊಂಡರೆ 2000 ಕದಿರು. ಒಳ್ಳೆಯ ಒಂದು ಬುಡದಲ್ಲಿ ಹತ್ತು ಕದಿರು ಬರುತ್ತದೆ, ಹಾಗಾಗಿ 200 ಬುಡ. 20 ಸೆಂಟಿಮೀಟರ್ ಸಾಲು, 15 ಸೆಂಟಿಮೀಟರ್ ಅಂತರದಲ್ಲಿ ನಟ್ಟರೆ ಒಂದು ಚದರ ಮೀಟರಿನಲ್ಲಿ 33 ಬುಡ ನಿಲ್ಲುತ್ತದೆ. ಆರು ಚದರ ಮೀಟರ್ ಸಾಕು. ಜೊಳ್ಳು, ಮುರಿದದ್ದು, ತಿಗಣೆ ಹೀರಿದ್ದನ್ನು ಬಿಟ್ಟು ಆರಿಸಿಕೊಳ್ಳಲು ಅದರ ಇಮ್ಮಡಿ ಇರಲಿ. ಒಂದು ಕಾರು ನಿಲ್ಲಿಸುವಷ್ಟು ಜಾಗ. ಗದ್ದೆಯೇ ಇಲ್ಲದ ನಗರದ ಇಗರ್ಜಿಯೂ ಅಂಗಳದ ಮೂಲೆಯಲ್ಲಿ ಟಾರ್ಪಾಲು ಹಾಸಿ ಮಣ್ಣು ತುಂಬಿ ಇದನ್ನು ಬೆಳೆಯಬಹುದು. ದೊಡ್ಡ ಕುಂಡವಾದರೆ ಒಂದರಲ್ಲಿ ಎರಡು ಮೂರು ಬುಡ, ಹೆಚ್ಚು ತುರುಕಿದರೆ ಕದಿರು ಕಿರಿದಾಗುತ್ತದೆ. ಹಿಂದಿನ ದಿನ ಯಾರದೋ ಗದ್ದೆಗೆ ಹೋಗಿ ಎಳೆ ಹೊಡೆ ಕೀಳುವುದಕ್ಕಿಂತ ಇದು ಎಷ್ಟೋ ಮೇಲು. ಅವರ ಬೆಳೆಯೂ ಹಾಳು, ನಿಮಗೆ ಅಕ್ಕಿಯೂ ಇಲ್ಲ.

ಕೊಯ್ಯುವಾಗ ಗೇಣುದ್ದ ದಂಟು ಬಿಟ್ಟು ಕತ್ತರಿಸಬೇಕು, ಕಟ್ಟಲು ಹಿಡಿತ ಸಿಗುತ್ತದೆ. ಇಬ್ಬನಿ ಅಥವಾ ಮಳೆ ನೀರು ಇರುವಾಗಲೇ ಕೊಯ್ದು ಗೋಣಿಯಲ್ಲಿ ಒತ್ತಿ ಇಟ್ಟರೆ ಒಳಗೆ ಬಿಸಿಯೇರಿ ರಾತ್ರಿ ಬೆಳಗಾಗುವುದರೊಳಗೆ ಮುಗ್ಗು ವಾಸನೆ ಹಿಡಿಯುತ್ತದೆ. ಗೆರಸೆಯಲ್ಲೋ ಚಾಪೆಯಲ್ಲೋ ತೆಳ್ಳಗೆ ಹರಡಿ ಫ್ಯಾನಿನ ಕೆಳಗೆ ಇಡುವುದು ಒಳ್ಳೆಯದು.

ಹಬ್ಬಕ್ಕೆ ಮುಂಚಿನ ಒಂಬತ್ತು ದಿನ, ಆಗಸ್ಟ್ 30ರಿಂದ ಸೆಪ್ಟೆಂಬರ್ 7ರವರೆಗೆ, ನೊವೆನಾ ಎಂಬ ಪ್ರಾರ್ಥನೆ. 'ನೊವೆನಾ' ಎಂಬುದೂ ಲ್ಯಾಟಿನ್ನಿನ ಒಂಬತ್ತರಿಂದ ಬಂದ ಪದ. ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಪುಟ್ಟ ಮರಿಯಮ್ಮನ ಪ್ರತಿಮೆಗೆ ಅರ್ಪಿಸುತ್ತಾರೆ. ಆ ಹೊತ್ತಿಗೆ ಕರಾವಳಿಯ ಹಿತ್ತಿಲಲ್ಲಿ ಗೌರಿ ಹೂ, ದಾಸವಾಳ, ಡೇರೆ ಇರುತ್ತವೆ. ಈಗ ಅಂಗಡಿಯ ಸೇವಂತಿಗೆಯೇ ಹೆಚ್ಚು. ಎಂಟನೆಯ ತಾರೀಖು ಕದಿರಿನ ಹೊರೆಯನ್ನು ಇಗರ್ಜಿಯ ಹೊರಗೆ ಮಂತ್ರಿಸಿ, ಪ್ರತಿಮೆಯ ಜೊತೆ ಮೆರವಣಿಗೆಯಲ್ಲಿ ಒಳಗೆ ತಂದು, ಬಲಿಪೂಜೆ (ಮಾಸ್) ಮುಗಿದ ಮೇಲೆ ಹಂಚುತ್ತಾರೆ. ಜೊತೆಗೆ ಮಕ್ಕಳಿಗೆ ಕಬ್ಬು. ಕೇಳಿ ನೋಡಿದರೆ ಮಕ್ಕಳ ಪಾಲಿಗೆ ಇದು ಕಬ್ಬಿನ ಹಬ್ಬ.

ಮನೆಗೆ ಬಂದ ಕದಿರು ಪೀಠದ ಮೇಲೆ ಕೂರುತ್ತದೆ, ಊಟಕ್ಕೆ ಮುಂಚೆ ಕೆಳಗಿಳಿಯುತ್ತದೆ. ಅಲ್ಲಿಂದ ಮುಂದೆ ಮಾಡುವುದನ್ನು ಸರಿಯಾಗಿ ಮಾಡಬೇಕು. ಒಬ್ಬರಿಗೆ ಮೂರು ಕಾಳಿನಂತೆ ಆರು ಜನರಿಗೆ 18 ಕಾಳು ಸಾಕು, ಚೆನ್ನಾಗಿ ತುಂಬಿದ ಒಂದೇ ಕದಿರಿನಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ. ಉಗುರಿನಿಂದ ಸಿಪ್ಪೆ ಬಿಡಿಸುವಾಗ ಕಾಳು ಜಜ್ಜಿ ಹಾಲಾದರೆ ಕದಿರು ಎಳೆಯದು ಎಂದರ್ಥ. ಬಲಿತಿದ್ದರೂ ತೇವವಿದ್ದರೆ ಸಿಪ್ಪೆ ಅಂಟಿಕೊಳ್ಳುತ್ತದೆ. ಕಾವಲಿಯನ್ನು ಸಣ್ಣ ಉರಿಯಲ್ಲಿಟ್ಟು ಕಾಳನ್ನು ಎರಡು ನಿಮಿಷ ಬೆಚ್ಚಗೆ ಮಾಡಿ ಅಂಗೈಯಲ್ಲಿ ತಿಕ್ಕಿದರೆ ಬಿಡುತ್ತದೆ. ಆ ಅಕ್ಕಿಯನ್ನು ಪುಡಿ ಮಾಡಿ ತೆಂಗಿನ ಹಾಲಿಗೆ ಅಥವಾ ಪಾಯಸಕ್ಕೆ ಬೆರೆಸಿ, ಹಿರಿಯರು ಪ್ರಾರ್ಥನೆ ಹೇಳಿ, ತೀರಿಕೊಂಡವರನ್ನು ನೆನೆದು, ಎಲ್ಲರಿಗೂ ಒಂದೊಂದು ಚಮಚ ಕೊಡುತ್ತಾರೆ. ಇದೇ ನವೆಂ. ಉಳಿದದ್ದೆಲ್ಲ ಊಟ. ಸಿಪ್ಪೆಯನ್ನು ಪೂರ್ತಿ ತೆಗೆಯದೆ ಅರೆದು ಹಾಕಿದರೆ ಗಂಟಲಿಗೆ ಚುಚ್ಚುತ್ತದೆ. ಅವಸರದಲ್ಲಿ ಹೆಚ್ಚಿನವರು ತಪ್ಪುವುದು ಇಲ್ಲಿಯೇ.

ಪಾಯಸವನ್ನು ಕೊಂಕಣಿಯಲ್ಲಿ 'ವೊರ್ನ್' ಎನ್ನುತ್ತಾರೆ. ಆರು ಜನರಿಗೆ ಒಂದು ಕಪ್ ಕಡಲೆಬೇಳೆಯನ್ನು ಒಂದು ಗಂಟೆ ನೆನೆಸಿ, ಬೆರಳಲ್ಲಿ ಹಿಸುಕಿದರೆ ಮೆದುವಾಗುವಷ್ಟು, ಆದರೆ ಆಕಾರ ಕೆಡದಷ್ಟು ಬೇಯಿಸಿ. ದೊಡ್ಡ ತೆಂಗಿನಕಾಯಿ ಒಂದರಿಂದ ಒಂದು ಕಪ್ ದಪ್ಪ ಹಾಲು, ಮೂರು ಕಪ್ ತೆಳು ಹಾಲು ತೆಗೆಯಿರಿ. ಎರಡು ಚಮಚ ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದು ತೆಳು ಹಾಲಿಗೆ ಕಲಸಿ ಬೇಳೆಗೆ ಸುರಿದು ಐದಾರು ನಿಮಿಷ ಕೈಬಿಡದೆ ತಿರುವಬೇಕು, ಇಲ್ಲದಿದ್ದರೆ ಗಂಟು ಕಟ್ಟುತ್ತದೆ. ಆಮೇಲೆ ಕಾಲು ಕಿಲೋ ಬೆಲ್ಲ ಕರಗಿಸಿ ಸೋಸಿ ಹಾಕಿ, ಒಂದು ಚಿಟಿಕೆ ಉಪ್ಪು, ಐದು ಏಲಕ್ಕಿ. ಬೆಲ್ಲ ಮೊದಲೇ ಬಿದ್ದರೆ ಬೇಳೆ ಎಷ್ಟು ಬೇಯಿಸಿದರೂ ಗಟ್ಟಿಯಾಗಿಯೇ ಉಳಿಯುತ್ತದೆ. ದಪ್ಪ ಹಾಲು ಕೊನೆಗೆ, ಉರಿ ಆರಿಸಿದ ಮೇಲೆ. ಕುದಿಸಿದರೆ ಒಡೆದು ಎಣ್ಣೆ ಬೇರೆ, ನೀರು ಬೇರೆ ಆಗುತ್ತದೆ.

ಅಂದಿನ ಊಟ ಬಾಳೆಲೆಯಲ್ಲಿ, ಮೀನು ಮಾಂಸ ಬಿಟ್ಟು. ಪದಾರ್ಥಗಳ ಸಂಖ್ಯೆ ಬೆಸ ಇರಬೇಕು: ಐದು, ಏಳು, ಅನುಕೂಲವಿದ್ದರೆ ಒಂಬತ್ತು. ಉಪ್ಪಿನಕಾಯಿ ಲೆಕ್ಕಕ್ಕೆ ಸೇರುತ್ತದೆಯೇ ಎಂಬ ತಕರಾರು ಮನೆಯಿಂದ ಮನೆಗೆ ಬೇರೆ. ಬೆಂಡೆ, ತೊಂಡೆ, ಹೀರೆ, ಅಲಸಂಡೆ ಎಲ್ಲವೂ ಮಳೆಗಾಲದ ಹಿತ್ತಿಲಿನವೇ. ಈ ಎಲೆಯ ದೊರೆ ಮಾತ್ರ 'ಆಳುಂ ದೆಂಟೊ', ಕೆಸುವಿನ ಎಲೆ ಮತ್ತು ಹರಿವೆ ದಂಟಿನ ಗಸಿ. ಹನ್ನೆರಡು ಎಳೆ ಕೆಸುವಿನೆಲೆಗೆ ಎರಡು ಕಪ್ ದಂಟು, ಜಜ್ಜಿದ ನಾಲ್ಕೈದು ಅಮಟೆಕಾಯಿ, ಅರ್ಧ ತೆಂಗಿನಕಾಯಿಯ ಮಸಾಲೆ. ಕೆಸುವಿನಲ್ಲಿ ಸೂಜಿಯಂಥ ಆಕ್ಸಲೇಟ್ ಹರಳುಗಳಿರುವುದರಿಂದ ಗಂಟಲು ತುರಿಸುತ್ತದೆ. ಹುಳಿಯನ್ನು ಮೊದಲೇ ಹಾಕಿ, ಎಲೆ ಕರಗಿ ದಂಟಿಗೆ ಅಂಟುವವರೆಗೆ ಬೇಯಿಸಿದರೆ ತೊಂದರೆಯಿಲ್ಲ. ಹುಳಿ ಕೊನೆಗೆ ಹಾಕಿ ಬೇಗ ಇಳಿಸಿದ ಗಸಿ ಇಡೀ ಪಂಕ್ತಿಯನ್ನು ಕೆಮ್ಮಿಸುತ್ತದೆ. ಹೆಚ್ಚುವಾಗ ಕೈಗೆ ತೆಂಗಿನೆಣ್ಣೆ ಸವರಿಕೊಳ್ಳಿ.

ಮತ್ತೆ ಹೆಸರಿಗೆ ಬರೋಣ. ರಾಜ್ಯ ಸರಕಾರದ ಪರಿಮಿತ ರಜೆಯ ಪಟ್ಟಿಯಲ್ಲಿ ಸೆಪ್ಟೆಂಬರ್ 8ರ ಮುಂದೆ ಇರುವುದು 'ಕನ್ಯಾ ಮರಿಯಮ್ಮ ಜಯಂತಿ'. ಜಯಂತಿ ಎಂದಾಗ ಮರಿಯಮ್ಮನವರು ಬಸವಣ್ಣ, ಕನಕದಾಸರ ಸಾಲಿನಲ್ಲಿ ಬಂದು ನಿಲ್ಲುತ್ತಾರೆ. ಅದೇನೂ ಕೆಟ್ಟ ಸಹವಾಸವಲ್ಲ, ಮತ್ತು ಹಬ್ಬದ ಧಾರ್ಮಿಕ ಅರ್ಥಕ್ಕೆ ಎಲ್ಲಕ್ಕಿಂತ ಹತ್ತಿರದ ಹೆಸರೂ ಅದೇ. ಭಾರತದ ಕಥೋಲಿಕ ಸಭೆ ಈಚೆಗೆ ಇದೇ ದಿನವನ್ನು ಹೆಣ್ಣು ಮಗುವಿನ ದಿನವೆಂದೂ ಆಚರಿಸುತ್ತದೆ, ಹೆಣ್ಣು ಕೂಸು ಹುಟ್ಟಿದ ಸಂಭ್ರಮ ಎಂಬ ಅರ್ಥದಲ್ಲಿ. 'ತೆನೆ ಹಬ್ಬ' ಎಂದರೆ ನೆರೆಮನೆಯವರಿಗೆ ವಿವರಿಸಬೇಕಾದ ಗೋಜಿಲ್ಲ, ಅವರ ಮನೆ ಬಾಗಿಲಲ್ಲೂ ಕದಿರು ಕಟ್ಟಿರುತ್ತದೆ. ಆದರೆ ಆ ಹೆಸರೊಂದೇ ಉಳಿದರೆ ಇದೊಂದು ಸುಗ್ಗಿ ಹಬ್ಬವೆಂದು ಬಗೆದು, ಕೊಯ್ಲಿನ ಅಕ್ಟೋಬರನ್ನು ಬಿಟ್ಟು ಸೆಪ್ಟೆಂಬರಿನಲ್ಲೇಕೆ ಮಾಡುತ್ತಾರೆ ಎಂದು ತಲೆ ಕೆರೆದುಕೊಳ್ಳಬೇಕಾಗುತ್ತದೆ. 'ಕದಿರು' ಎಂಬ ಕರಾವಳಿಯ ಪದ ಇರುವಾಗ 'ತೆನೆ' ಏಕೆ ಬೇಕಿತ್ತು ಎಂಬ ಸಣ್ಣ ತಕರಾರೂ ಇದೆ, ಇರಲಿ.

'ಮೊಂತಿ' ಏನನ್ನೂ ವಿವರಿಸುವುದಿಲ್ಲ ಎಂಬುದೇ ಅದರ ಹೆಚ್ಚುಗಾರಿಕೆ. ಹಬ್ಬ ಏನು ಎಂದು ಅದು ಹೇಳುವುದಿಲ್ಲ, ಎಲ್ಲಿಂದ ನಡೆದು ಬಂತು ಎಂದು ಹೇಳುತ್ತದೆ. 1784ರಲ್ಲಿ ಟಿಪ್ಪುವಿನ ಸೈನ್ಯ ಕೆನರಾದ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಒಯ್ದಿತು, ಊರಿನ ಇಗರ್ಜಿಗಳು ಬಹುಪಾಲು ನೆಲಸಮವಾದವು, ಉಳಿದವರು 1799ರ ನಂತರ ಮರಳಿದರು. ದಾಖಲೆ, ಕಟ್ಟಡ ಎರಡೂ ಹೋದ ಮೇಲೆ ಬಾಯಲ್ಲಿ ಉಳಿದದ್ದು ಇಂಥ ಪದಗಳು. ಅದಕ್ಕೇ ಕನ್ನಡದಲ್ಲಿ ಬರೆಯುವಾಗಲೂ 'ಮೊಂತಿ ಹಬ್ಬ' ಎಂದರೆ ಸಾಕು, ಹೊಸಬರಿಗಾಗಿ ಪಕ್ಕದಲ್ಲಿ ತೆನೆ ಹಬ್ಬ ಎಂದು ಸೇರಿಸಿದರೆ ಆಯಿತು. 'ಫೆಸ್ತ್' ಬರೆಯುವುದಿದ್ದರೆ 'ತ' ಒತ್ತನ್ನೇ ಕೊಡಿ.

ಕದಿರಿನಲ್ಲಿ ಉಳಿದ ಕಾಳನ್ನು ಬಿಸಾಡುವಂತಿಲ್ಲ. ಪರವೂರಿನಲ್ಲಿರುವವರಿಗೆ ಅದನ್ನು ಲಕೋಟೆಯಲ್ಲಿ ಕಳುಹಿಸುವ ರೂಢಿ ಇದೆ. ಎರಡು ದಿನ ಬಿಸಿಲಿಗೆ ಒಣಗಿಸಿ, ಕಾಳು ಹಲ್ಲಿಗೆ ಕಟಕ್ಕೆನ್ನುವಂತಾದ ಮೇಲೆ ಕಾಗದದಲ್ಲಿ ಸುತ್ತಬೇಕು. ಹಸಿಯಿರುವಾಗ ಪ್ಲಾಸ್ಟಿಕ್ಕಿಗೆ ಹಾಕಿದರೆ ಮುಂಬಯಿ ತಲುಪುವ ಮೊದಲೇ ಬೂಷ್ಟು ಹಿಡಿಯುತ್ತದೆ. ಆಸ್ಟ್ರೇಲಿಯದಂಥ ಕಡೆ ಮೊಳೆಯಬಲ್ಲ ಬೀಜವನ್ನು ಟಪಾಲಿನಲ್ಲೇ ತಡೆಯುತ್ತಾರೆ. ಅಲ್ಲಿರುವ ಮಕ್ಕಳಿಗೆ ಮೊದಲೇ ಫೋನು ಮಾಡಿ, ಅಲ್ಲಿನ ಅಂಗಡಿಯ ಅಕ್ಕಿಯನ್ನೇ ಮೂರು ಕಾಳು ತೆಗೆದಿಡಲು ಹೇಳಿದರೆ ಆಯಿತು.